ಬೀಗ ಹಾಕಿದ್ದೆ, ತೆಗೆಯಲು ಬರಲಿಲ್ಲ

ಮುಂಬೈಯ ಮಾಟುಂಗ, ವಡಾಲ, ಮುಲುಂಡ್ ಕಡೆಯ ಏಳು ಉಡುಪಿ ಹೋಟೆಲುಗಳ ಕಂಪ್ಯೂಟರ್ ಕೆಲಸ ನಾನೇ ನೋಡಿಕೊಳ್ಳುತ್ತೇನೆ. ಬಿಲ್ಲಿಂಗ್ ಸರ್ವರ್, ಸಿಸಿಟಿವಿಯ ಡಿವಿಆರ್, ವೈಫೈ ರೂಟರ್, ಜಿಎಸ್‌ಟಿ ಪೋರ್ಟಲ್ ಎಲ್ಲ ಸೇರಿ ಒಂದೊಂದು ಹೋಟೆಲಿಗೆ ಹತ್ತು ಹನ್ನೆರಡು ಪಾಸ್‌ವರ್ಡ್. ಬಹಳ ವರ್ಷ ಅವೆಲ್ಲ ಒಂದೇ ಟೆಕ್ಸ್ಟ್ ಫೈಲಿನಲ್ಲಿ ಬಿಚ್ಚಿಕೊಂಡೇ ಇದ್ದವು. ಆ ಲ್ಯಾಪ್‌ಟಾಪ್ ದಿನಾ ನನ್ನ ಜೊತೆ ಡೊಂಬಿವಲಿಯಿಂದ ಲೋಕಲ್‌ನಲ್ಲಿ ಹೋಗಿ ಬರುತ್ತಿತ್ತು. ಒಂದು ದಿನ ಥಾಣೆ ರೈಲು ನಿಲ್ದಾಣದಲ್ಲಿ ಇಳಿಯುವಾಗ ನೂಕುನುಗ್ಗಲಿನಲ್ಲಿ ಬ್ಯಾಗಿನ ಪಟ್ಟಿ ಕಿತ್ತುಬಂತು. ಬ್ಯಾಗು ಕೈಯಲ್ಲೇ ಉಳಿಯಿತು. ಆದರೆ ಅಂದು ರಾತ್ರಿ ಆ ಫೈಲನ್ನು ಹಾಗೇ ಬಿಟ್ಟು ಮಲಗಲು ಮನಸ್ಸಾಗಲಿಲ್ಲ.

ಟರ್ಮಿನಲ್ ತೆರೆದು ಓಪನ್ಎಸ್ಎಸ್ಎಲ್ ಎಂಬ ಉಪಕರಣದ ಒಂದೇ ಸಾಲಿನ ಕಮಾಂಡ್‌ನಿಂದ ಅದನ್ನು ಎಇಎಸ್-256 ಎಂಬ ಗೂಢಲಿಪಿ ವಿಧಾನದಲ್ಲಿ ಎನ್‌ಕ್ರಿಪ್ಟ್ ಮಾಡಿದೆ, ಎಂದರೆ ನಾನು ಕೊಟ್ಟ ಪಾಸ್‌ಫ್ರೇಸ್ (ಉದ್ದನೆಯ ಪಾಸ್‌ವರ್ಡ್) ಇಲ್ಲದೆ ಯಾರೂ ಓದಲಾಗದಂತೆ ಬೀಗ ಹಾಕಿದೆ. ತೆರೆದು ನೋಡಿದೆ, ಸರಿಯಾಗಿ ಬಂತು. ಮೂಲ ಫೈಲನ್ನು ಅಳಿಸಿದೆ.

2021ರ ಡಿಸೆಂಬರ್. ಹಳೆ ಲ್ಯಾಪ್‌ಟಾಪಿನಲ್ಲಿದ್ದ ಉಬುಂಟು 16.04 ಆಪರೇಟಿಂಗ್ ಸಿಸ್ಟಮ್‌ಗೆ ಮಾಮೂಲಿ ಬೆಂಬಲ ಅದೇ ಏಪ್ರಿಲ್‌ಗೆ ಮುಗಿದಿದ್ದರಿಂದ ಹೊಸ ಯಂತ್ರ ತಂದು 20.04 ಹಾಕಿದ್ದೆ. ಹಳೆಯದನ್ನು ಹಾರ್ಡ್ ಡಿಸ್ಕಿಗೆ ನಕಲು ಮಾಡಿ, ಫಾರ್ಮ್ಯಾಟ್ ಮಾಡಿ ಮಾರಿಯೂ ಆಗಿತ್ತು. 18ನೇ ತಾರೀಕು ಒಂದು ಹೋಟೆಲಿನ ಪಾಸ್‌ವರ್ಡ್‌ಗಳಿಗಾಗಿ ಆ ಫೈಲ್ ಬೇಕಾಯಿತು. ಪಾಸ್‌ಫ್ರೇಸ್ ಕೊಟ್ಟರೆ ಪರದೆಯ ಮೇಲೆ ‘ಬ್ಯಾಡ್ ಡಿಕ್ರಿಪ್ಟ್’. ಮತ್ತೆ ಕೊಟ್ಟೆ, ನಿಧಾನವಾಗಿ ಒಂದೊಂದೇ ಅಕ್ಷರ ಒತ್ತಿದೆ. ಅದೇ ಉತ್ತರ.

ಹೋಟೆಲಿನ ಶೆಟ್ಟರು ಭೂತದ ಕೋಲಕ್ಕೆಂದು ಕುಂದಾಪುರಕ್ಕೆ ಹೋಗಿದ್ದರು. “ಎಂಥ ಮಾರಾಯ, 20ಕ್ಕೆ ರಿಟರ್ನ್ ಹಾಕ್ಬೇಕಲ್ವಾ?” ಎಂದು ಅಲ್ಲಿಂದಲೇ ಫೋನ್.

“ಶೆಟ್ರೇ, ಈಗ ನಿಮ್ಮ ಮೊಬೈಲಿಗೊಂದು ಒಟಿಪಿ ಬರ್ತದೆ, ಅದನ್ನು ಹೇಳಿ” ಎಂದೆ. ಜಿಎಸ್‌ಟಿ ಪಾಸ್‌ವರ್ಡ್ ಬದಲಿಸಿ ಆ ಕೆಲಸ ಮುಗಿಸಿದೆವು. ಆದರೆ ಡಿವಿಆರ್‌ಗೆ, ರೂಟರ್‌ಗೆ, ಬಿಲ್ಲಿಂಗ್ ಸರ್ವರ್‌ಗೆ ಒಟಿಪಿ ಎಲ್ಲಿಂದ ಬರಬೇಕು?

ಮೊದಲು ಫೈಲ್ ಕೆಟ್ಟಿದೆಯೇ ಎಂದು ನೋಡಿದೆ. ಓಪನ್ಎಸ್ಎಸ್ಎಲ್ ಹೀಗೆ ಮಾಡಿದ ಫೈಲಿನ ಮೊದಲ ಎಂಟು ಬೈಟ್‌ಗಳಲ್ಲಿ ‘ಸಾಲ್ಟೆಡ್’ ಎಂಬ ಪದವೂ ಎರಡು ಅಡಿಗೆರೆಯೂ ಇರುತ್ತವೆ. ಇದ್ದವು. ಆಮೇಲೆ ಅಂದು ಯಾವ ಕಮಾಂಡ್ ಕೊಟ್ಟಿದ್ದೆ ಎಂದು ನಕಲಿನಲ್ಲಿದ್ದ ಬ್ಯಾಶ್ ಹಿಸ್ಟರಿ (ಕೊಟ್ಟ ಕಮಾಂಡುಗಳನ್ನು ಟರ್ಮಿನಲ್ ಬರೆದಿಡುವ ಫೈಲ್) ಹುಡುಕಿದೆ. ಸಿಕ್ಕಿತು. ಅದರ ಪಕ್ಕದಲ್ಲೇ ನನ್ನ ಪಾಸ್‌ಫ್ರೇಸ್ ಇಡಿಯಾಗಿ, ಬರಿಗಣ್ಣಿಗೆ ಕಾಣುವಂತೆ ಕೂತಿತ್ತು! ಅವಸರದಲ್ಲಿ ಅದನ್ನು ಕಮಾಂಡಿನ ಒಳಗೇ ಬರೆದಿದ್ದೆ. ಅಷ್ಟು ವರ್ಷ ಬೀಗವೂ ಕೀಲಿಯೂ ಒಂದೇ ಚೀಲದಲ್ಲಿ ಲೋಕಲ್‌ನಲ್ಲಿ ಓಡಾಡಿದ್ದವು. ಅದನ್ನು ಕಂಡಾಗ ಕೈ ತಣ್ಣಗಾಯಿತು.

ಒಂದು ಮಾತ್ರ ಖಚಿತವಾಯಿತು: ಪಾಸ್‌ಫ್ರೇಸ್ ಸರಿಯೇ ಇದೆ. ಹಾಗಾದರೆ ವ್ಯತ್ಯಾಸ ಇರುವುದು ಯಂತ್ರದಲ್ಲಿ. ಓಪನ್ಎಸ್ಎಸ್ಎಲ್ ನಾವು ಕೊಟ್ಟ ಪಾಸ್‌ಫ್ರೇಸನ್ನೇ ಕೀಲಿಯಾಗಿ ಬಳಸುವುದಿಲ್ಲ, ಅದನ್ನು ಹ್ಯಾಷ್ ಮಾಡಿ, ಎಂದರೆ ಲೆಕ್ಕದ ಸೂತ್ರವೊಂದರಲ್ಲಿ ಅರೆದು, ಅದರಿಂದ ಕೀಲಿ ತಯಾರಿಸುತ್ತದೆ. ಹಳೆ ಲ್ಯಾಪ್‌ಟಾಪಿನಲ್ಲಿದ್ದ 1.0.2 ಆವೃತ್ತಿ ಅದಕ್ಕೆ ಎಂಡಿ5 ಎಂಬ ಸೂತ್ರ ಬಳಸುತ್ತಿತ್ತು, 1.1.0ರಿಂದ ಅದು ಎಸ್ಎಚ್ಎ-256 ಆಯಿತು. ಅದೇ ಪಾಸ್‌ಫ್ರೇಸಿಗೆ ಬೇರೆ ಕೀಲಿ ಹುಟ್ಟಿದರೆ ಫೈಲ್ ತೆರೆಯುವುದೆಂತು? ಹಳೆ ಸೂತ್ರವನ್ನೇ ಬಳಸು ಎನ್ನಲು ಕಮಾಂಡಿಗೆ ‘-ಎಂಡಿ ಎಂಡಿ5’ ಸೇರಿಸಿದೆ. ಫೈಲ್ ತೆರೆಯಿತು. ರಾತ್ರಿ ಎರಡೂವರೆ ಆಗಿತ್ತು.

ಅದೇ ವಾರ ಆ ವಿಧಾನವನ್ನೇ ಬಿಟ್ಟೆ. ತೆರೆಯದಿದ್ದದ್ದು ಮಾತ್ರ ಅದಕ್ಕೆ ಕಾರಣವಲ್ಲ. ಮತ್ತೆ ಮತ್ತೆ ಹ್ಯಾಷ್ ಮಾಡಿಸುವ ಪಿಬಿಕೆಡಿಎಫ್2 ಎಂಬ ಆಯ್ಕೆ ಕೊಡದಿದ್ದರೆ ಇಲ್ಲಿ ಹ್ಯಾಷ್ ಆಗುವುದು ಒಂದೇ ಸುತ್ತು. ಫೈಲ್ ಕದ್ದವನು ಊಹೆಯ ಮೇಲೆ ಊಹೆ ಹಾಕುತ್ತ ಬಹಳ ವೇಗವಾಗಿ ಪಾಸ್‌ಫ್ರೇಸ್ ಪತ್ತೆಹಚ್ಚಬಹುದು. ಆ ಆಯ್ಕೆ ಬಂದದ್ದೇ 2018ರ 1.1.1ರಲ್ಲಿ. ನನ್ನ ಫೈಲ್ ಅದಕ್ಕಿಂತ ಹಳೆಯದು.

ಈಗ ಬಳಸುವುದು ಪಾಸ್‌ವರ್ಡ್ ಕಾಪಿಡುವ ‘ಪಾಸ್’. ಜೇಸನ್ ಡೋನೆನ್‌ಫೆಲ್ಡ್ ಬರೆದ ಪುಟ್ಟ ಶೆಲ್ ಸ್ಕ್ರಿಪ್ಟ್ ಇದು, ಎನ್‌ಕ್ರಿಪ್ಟ್ ಮಾಡುವ ಕೆಲಸವೆಲ್ಲ ಅದರ ಹಿಂದಿರುವ ಜಿಪಿಜಿ ಎಂಬ ಪ್ರೋಗ್ರಾಮಿನದು. ಒಂದೊಂದು ಪಾಸ್‌ವರ್ಡಿಗೂ ಬೇರೆ ಫೈಲ್, ಒಂದೊಂದು ಹೋಟೆಲಿಗೂ ಬೇರೆ ಫೋಲ್ಡರ್. ಕಮಾಂಡಿಗೆ ‘-ಸಿ’ ಸೇರಿಸಿದರೆ ಪಾಸ್‌ವರ್ಡ್ ಪರದೆಗೆ ಬರದೆ ಕ್ಲಿಪ್‌ಬೋರ್ಡಿಗೆ ಹೋಗುತ್ತದೆ, 45 ಸೆಕೆಂಡಿಗೆ ಅಳಿಯುತ್ತದೆ. ಕ್ಯಾಷ್ ಕೌಂಟರಿನಲ್ಲಿ ಬೆನ್ನ ಹಿಂದೆ ನಾಲ್ಕು ಜನ ನಿಂತಿರುವಾಗ ಇದರಷ್ಟು ಉಪಕಾರದ ಸಂಗತಿ ಇನ್ನೊಂದಿಲ್ಲ. ಪಾಸ್‌ಫ್ರೇಸನ್ನು ಜಿಪಿಜಿ ತಾನೇ ಬೇರೆಯಾಗಿ ಕೇಳುತ್ತದೆ, ಹಿಸ್ಟರಿಯಲ್ಲಿ ಉಳಿಯುವುದಿಲ್ಲ. ಆದರೆ ಫೈಲಿನ, ಫೋಲ್ಡರಿನ ಹೆಸರುಗಳು ಮುಚ್ಚಿರುವುದಿಲ್ಲ. ಅದಕ್ಕೇ ಅಲ್ಲಿ ಹೋಟೆಲಿನ ಹೆಸರಾಗಲಿ ಬ್ಯಾಂಕಿನ ಹೆಸರಾಗಲಿ ಬರೆಯುವುದಿಲ್ಲ, ಬರೀ ನಂಬರು ಹಾಕುತ್ತೇನೆ.

ಪಾಸ್‌ಫ್ರೇಸಿಗೆ ದಾಳ ಎಸೆದೆ. ಐದು ಸಲ ಎಸೆದರೆ 7776 ಪದಗಳ ಪಟ್ಟಿಯಿಂದ ಒಂದು ಪದ. ಹಾಗೆ ಆರು ಪದ. ಬಾಯಿಪಾಠ ಆಗಲು ಹತ್ತು ದಿನ ಹಿಡಿಯಿತು.

ಶೆಟ್ಟರ ಮಗಳು ಅಲ್ಲಿಯ ಲೆಕ್ಕ ನೋಡುತ್ತಾಳೆ. ಅವಳ ಲ್ಯಾಪ್‌ಟಾಪಿನಲ್ಲೇ ಅವಳದ್ದೊಂದು ಜಿಪಿಜಿ ಕೀ ಮಾಡಿಸಿ, ಆ ಹೋಟೆಲಿನ ಫೋಲ್ಡರನ್ನು ಇಬ್ಬರಲ್ಲಿ ಯಾರ ಕೀಯಿಂದಲಾದರೂ ತೆರೆಯುವಂತೆ ಎನ್‌ಕ್ರಿಪ್ಟ್ ಮಾಡಿದೆ. ಅವಳು ನನ್ನ ಎದುರಿಗೇ ಡಿವಿಆರ್ ಪಾಸ್‌ವರ್ಡ್ ತೆಗೆದು, ಅದರಿಂದ ಲಾಗಿನ್ ಆಗಿ, ಅಡುಗೆಮನೆಯ ಕ್ಯಾಮೆರಾ ತೋರಿಸುವವರೆಗೂ ನಾನು ಹಳೆ ಫೈಲ್ ಅಳಿಸಲಿಲ್ಲ. ಅವಳ ಸೀಕ್ರೆಟ್ ಕೀಯ ನಕಲು ಒಂದು ಪೆನ್‌ಡ್ರೈವಿನಲ್ಲಿ ಅವಳ ಮನೆಯ ಕಪಾಟಿನಲ್ಲಿದೆ, ನನ್ನದು ಬ್ಯಾಂಕ್ ಲಾಕರಿನಲ್ಲಿ.

ಕಳೆದ ಮೇ ತಿಂಗಳು ನಾನು ಊರಲ್ಲಿದ್ದಾಗ ಅವಳ ಮೆಸೇಜ್ ಬಂತು: “ಅಣ್ಣಾ, ರೂಟರ್ ಬದಲಿಸಿದ್ರು. ಹೊಸ ಪಾಸ್‌ವರ್ಡ್ ನಾನೇ ಹಾಕಿದ್ದೇನೆ, ನಿಮ್ಮ ಹತ್ರ ತೆರೀತದಾ ನೋಡಿ.”

ತೆರೆದು ನೋಡಿದೆ. ತೆರೆಯಿತು.