ಮೊತ್ತ ಕೂಡದೆ ಸರಾಸರಿ: ಸ್ಪರ್ಧಾತ್ಮಕ ಪರೀಕ್ಷೆಗೆ ಬಾಯಿಲೆಕ್ಕದ ದಾರಿ

ಸ್ಟಾಫ್ ಸೆಲೆಕ್ಷನ್ ಕಮಿಷನ್ ನಡೆಸುವ ಪದವಿ ಮಟ್ಟದ ಪರೀಕ್ಷೆಯ ಮೊದಲ ಹಂತದಲ್ಲಿ, ಕೆಲವು ವರ್ಷಗಳಿಂದ ಇರುವ ಮಾದರಿಯಂತೆ, 60 ನಿಮಿಷಗಳಲ್ಲಿ 100 ಪ್ರಶ್ನೆಗಳನ್ನು ಎದುರಿಸಬೇಕು. ಅವುಗಳಲ್ಲಿ 25 ಗಣಿತದವು. ಒಂದು ಪ್ರಶ್ನೆಗೆ ಸಿಗುವುದು ಸರಾಸರಿ 36 ಸೆಕೆಂಡು. ಎಲ್ಲ ಸಂಖ್ಯೆಗಳನ್ನು ಕೂಡಿ, ಎಣಿಕೆಯಿಂದ ಭಾಗಿಸಿ, ಮತ್ತೊಮ್ಮೆ ತಾಳೆ ನೋಡುವ ಶಾಲೆಯ ಪದ್ಧತಿ ತಪ್ಪಲ್ಲದಿದ್ದರೂ ಅಷ್ಟು ಹೊತ್ತಿನಲ್ಲಿ ಮುಗಿಯುವುದು ಕಷ್ಟ. ಪ್ರತಿಯೊಂದು ಮಾದರಿಗೂ ಬೇರೆ ಬೇರೆ ಸೂತ್ರ ಬಾಯಿಪಾಠ ಮಾಡಿಕೊಂಡು ಹೋಗುವವರು ಪ್ರಶ್ನೆಯ ಮಾತು ಸ್ವಲ್ಪ ತಿರುಚಿದ ಕೂಡಲೇ ಯಾವ ಸೂತ್ರ ಹಾಕಬೇಕೆಂದು ತಡಕಾಡುತ್ತಾರೆ. ಸರಾಸರಿಯ ಬಹುತೇಕ ಲೆಕ್ಕಗಳಿಗೆ ಒಂದೇ ತತ್ವ ಸಾಕಾಗುತ್ತದೆ.

ಆ ತತ್ವ ಇಷ್ಟು: ಸರಾಸರಿಗಿಂತ ಹೆಚ್ಚಿರುವವರ ಹೆಚ್ಚುವರಿಯೂ ಕಡಿಮೆ ಇರುವವರ ಕೊರತೆಯೂ ಯಾವಾಗಲೂ ಸರಿಸಮವಾಗಿರುತ್ತವೆ. ಆದ್ದರಿಂದ ಮೊತ್ತದ ಬದಲು ವ್ಯತ್ಯಾಸಗಳನ್ನಷ್ಟೇ ಕೂಡಿದರೆ ಸಾಕು. 78, 85, 92, 81, 74 ಇವುಗಳ ಸರಾಸರಿ ಬೇಕೆಂದುಕೊಳ್ಳಿ. 80 ಎಂದು ಅಂದಾಜು ಮಾಡಿದರೆ ವ್ಯತ್ಯಾಸಗಳು ಕ್ರಮವಾಗಿ −2, +5, +12, +1, −6 ಆಗುತ್ತವೆ. ಇವುಗಳ ಮೊತ್ತ +10. ಅದನ್ನು ಐದು ಸಂಖ್ಯೆಗಳಿಗೆ ಹಂಚಿದರೆ ತಲಾ 2 ಬರುತ್ತದೆ, ಆದ್ದರಿಂದ ಸರಾಸರಿ 82. ಹತ್ತನೆಯ ತರಗತಿಯ ಸಂಖ್ಯಾಶಾಸ್ತ್ರದಲ್ಲಿ ಕಲಿತು ಮರೆತ ಅಂದಾಜು ಸರಾಸರಿ ವಿಧಾನವೇ ಇದು. ಅಂದಾಜು ಎಷ್ಟೇ ತಪ್ಪಾಗಿದ್ದರೂ ಉತ್ತರ ತಪ್ಪುವುದಿಲ್ಲ, ವ್ಯತ್ಯಾಸಗಳು ದೊಡ್ಡವಾಗುತ್ತವೆ ಅಷ್ಟೆ.

ಗುಂಪಿಗೆ ಒಬ್ಬರು ಸೇರುವ ಅಥವಾ ಒಬ್ಬರ ಜಾಗಕ್ಕೆ ಇನ್ನೊಬ್ಬರು ಬರುವ ಲೆಕ್ಕಗಳಲ್ಲಿ ಈ ಹಂಚಿಕೆಯ ನೋಟ ನಿಜವಾಗಿ ಫಲ ಕೊಡುತ್ತದೆ. 24 ವಿದ್ಯಾರ್ಥಿಗಳ ಸರಾಸರಿ ವಯಸ್ಸು 14 ಇದ್ದು, ಶಿಕ್ಷಕರನ್ನೂ ಸೇರಿಸಿದಾಗ ಅದು 15 ಆಯಿತೆಂದರೆ, ಶಿಕ್ಷಕರು ಮೊದಲು ತಮ್ಮ ಪಾಲಿನ 15 ಇಟ್ಟುಕೊಂಡು, ಮೇಲೆ 24 ಮಕ್ಕಳಿಗೂ ಒಂದೊಂದು ವರ್ಷ ಕೊಟ್ಟಿದ್ದಾರೆ ಎಂದರ್ಥ. ಅವರ ವಯಸ್ಸು 15 + 24, ಅಂದರೆ 39. ಇಲ್ಲಿ 14ಕ್ಕೆ 24 ಕೂಡಿ 38 ಎಂದು ಗುರುತು ಹಾಕುವುದು ಸಾಮಾನ್ಯವಾಗಿ ಆಗುವ ತಪ್ಪು. ಪ್ರಶ್ನೆ ರೂಪಿಸುವವರು ಆ 38ನ್ನು ಆಯ್ಕೆಗಳಲ್ಲಿ ಇಡಲು ಮರೆಯುವುದು ಕಡಿಮೆ. ಒಬ್ಬರ ಬದಲು ಇನ್ನೊಬ್ಬರು ಬಂದಾಗ ತಲೆಗಳ ಎಣಿಕೆ ಬದಲಾಗುವುದಿಲ್ಲವಾದ್ದರಿಂದ ಲೆಕ್ಕ ಇನ್ನೂ ಹಗುರ. 12 ಮಂದಿಯ ಕಬಡ್ಡಿ ತಂಡದಲ್ಲಿ 58 ಕೆಜಿ ತೂಕದ ಆಟಗಾರನ ಬದಲು ಹೊಸಬನೊಬ್ಬ ಬಂದು ಸರಾಸರಿ ತೂಕ 1.5 ಕೆಜಿ ಏರಿದರೆ, ಹೊಸಬ ತಂದ ಹೆಚ್ಚುವರಿ 12 × 1.5 = 18 ಕೆಜಿ; ಅವನ ತೂಕ 76 ಕೆಜಿ. ಮೊದಲ ಸರಾಸರಿ ಎಷ್ಟಿತ್ತೆಂದು ಪ್ರಶ್ನೆಯಲ್ಲಿ ಹೇಳಿಲ್ಲವಲ್ಲ ಎಂದು ಹುಡುಕುತ್ತಾ ಕೂರಬೇಕಾಗಿಲ್ಲ; ಅದು ಬೇಕೇ ಆಗಿಲ್ಲ.

ಕ್ರಿಕೆಟ್ ಲೆಕ್ಕವೂ ಇದೇ ಜಾತಿಯದು. ಒಬ್ಬ ಬ್ಯಾಟರ್ 15ನೇ ಇನಿಂಗ್ಸ್‌ನಲ್ಲಿ 98 ರನ್ ಹೊಡೆದು ತನ್ನ ಸರಾಸರಿಯನ್ನು 4 ಏರಿಸಿಕೊಂಡರೆ, ಆ 98ರಲ್ಲಿ ಹಿಂದಿನ 14 ಇನಿಂಗ್ಸ್‌ಗಳಿಗೆ ತಲಾ 4ರಂತೆ 56 ಹೋಗಿ ಉಳಿಯುವ 42 ಆತನ ಹೊಸ ಸರಾಸರಿ. ಆದರೆ ಇಂಥ ಪ್ರಶ್ನೆಗಳು ಪ್ರತಿ ಇನಿಂಗ್ಸ್‌ನಲ್ಲೂ ಆತ ಔಟಾಗಿದ್ದಾನೆ ಎಂದು ಭಾವಿಸಿಕೊಂಡಿರುತ್ತವೆ. ನಿಜವಾದ ಕ್ರಿಕೆಟ್‌ನಲ್ಲಿ ರನ್‌ಗಳನ್ನು ಭಾಗಿಸುವುದು ಔಟಾದ ಸಲಗಳಿಂದ. ಡಾನ್ ಬ್ರಾಡ್ಮನ್ 80 ಟೆಸ್ಟ್ ಇನಿಂಗ್ಸ್‌ಗಳಲ್ಲಿ 6,996 ರನ್ ಗಳಿಸಿದರು. 10 ಬಾರಿ ಅಜೇಯರಾಗಿ ಉಳಿದಿದ್ದರಿಂದ ಭಾಜಕ 70 ಆಗಿ, ಸರಾಸರಿ 99.94 ಆಯಿತು. 1948ರಲ್ಲಿ ಓವಲ್ ಮೈದಾನದಲ್ಲಿ ಕೊನೆಯ ಇನಿಂಗ್ಸ್‌ಗೆ ಇಳಿದಾಗ ಔಟಾದರೂ ಸರಿ, 4 ರನ್ ಹೊಡೆದಿದ್ದರೆ 7,000ವನ್ನು 70ರಿಂದ ಭಾಗಿಸಿ ಸರಿಯಾಗಿ 100 ಬರುತ್ತಿತ್ತು. ಅವರು ಸೊನ್ನೆಗೆ ಔಟಾದರು. ಭಾಜಕ ಯಾವುದೆಂದು ಮೊದಲು ಕೇಳಿಕೊಳ್ಳುವ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಸಂಖ್ಯೆಯನ್ನು ತಪ್ಪಾಗಿ ಓದಿಕೊಂಡ ಲೆಕ್ಕಗಳಲ್ಲಿ ತಪ್ಪಿನ ಅಂತರವನ್ನು ಮಾತ್ರ ಹಂಚಿದರಾಯಿತು: 25 ಸಂಖ್ಯೆಗಳ ಸರಾಸರಿ 46 ಎಂದು ಬಂದಿದ್ದು, 83ರ ಬದಲು 38 ಬರೆದಿದ್ದರೆ, ಬಿಟ್ಟುಹೋದ 45ನ್ನು 25ಕ್ಕೆ ಹಂಚಿ 1.8 ಸೇರಿಸಿ, ಸರಿಯಾದ ಸರಾಸರಿ 47.8. ಇನ್ನು 11 ಸಂಖ್ಯೆಗಳ ಸರಾಸರಿ 50, ಮೊದಲ ಆರರದು 49, ಕೊನೆಯ ಆರರದು 52, ಹಾಗಾದರೆ ಆರನೆಯ ಸಂಖ್ಯೆ ಯಾವುದು ಎಂಬ ಪ್ರಶ್ನೆಯಲ್ಲಿ 50ನ್ನು ಆಧಾರವಾಗಿಟ್ಟುಕೊಳ್ಳಿ. ಮೊದಲ ಆರರ ಕೊರತೆ 6, ಕೊನೆಯ ಆರರ ಹೆಚ್ಚುವರಿ 12, ಎರಡೂ ಸೇರಿ +6. ಎಲ್ಲ ಹನ್ನೊಂದೂ ಸೇರಿದರೆ ವ್ಯತ್ಯಾಸ ಸೊನ್ನೆಯಾಗಬೇಕಿತ್ತು. ಎರಡು ಸಲ ಲೆಕ್ಕಕ್ಕೆ ಬಂದದ್ದು ಆರನೆಯ ಸಂಖ್ಯೆಯೊಂದೇ ಆದ್ದರಿಂದ ಆ 6 ಅದರದ್ದೇ. ಉತ್ತರ 56.

ಎರಡು ಸರಾಸರಿಗಳ ಸರಾಸರಿ ತೆಗೆಯುವಾಗ ಮಾತ್ರ ತುಂಬ ಎಚ್ಚರವಾಗಿರಬೇಕು, ಏಕೆಂದರೆ ಓದಿಕೊಂಡವರೂ ಎಡವುವುದು ಇಲ್ಲಿಯೇ. ಒಂದು ವಿಭಾಗದ 40 ವಿದ್ಯಾರ್ಥಿಗಳ ಸರಾಸರಿ ಅಂಕ 62, ಇನ್ನೊಂದರ 60 ವಿದ್ಯಾರ್ಥಿಗಳದು 72 ಆಗಿದ್ದರೆ ಒಟ್ಟು ಸರಾಸರಿ 67 ಆಗುವುದಿಲ್ಲ; ದೊಡ್ಡ ಗುಂಪು ಉತ್ತರವನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ನಡುವಿನ ಅಂತರ 10. ಅದರಲ್ಲಿ 100ಕ್ಕೆ 60 ಪಾಲಿನಷ್ಟನ್ನು, ಅಂದರೆ 6ನ್ನು, ಸಣ್ಣ ಸರಾಸರಿಗೆ ಸೇರಿಸಿದರೆ 68. ಎರಡೂ ಗುಂಪುಗಳಲ್ಲಿ ಒಂದೇ ಸಂಖ್ಯೆಯ ಜನರಿದ್ದಾಗ ಮಾತ್ರ ನೇರವಾಗಿ ಕೂಡಿ ಎರಡರಿಂದ ಭಾಗಿಸಬಹುದು.

ವೇಗದ ಲೆಕ್ಕದಲ್ಲಿ ಇದೇ ತಪ್ಪು ವೇಷ ಬದಲಿಸಿ ಬರುತ್ತದೆ. 120 ಕಿ.ಮೀ. ದೂರಕ್ಕೆ ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗಿ, 60ರ ವೇಗದಲ್ಲಿ ಹಿಂದಿರುಗಿದರೆ ಸರಾಸರಿ 50 ಅಲ್ಲ. ಹೋಗಲು 3 ಗಂಟೆ, ಬರಲು 2 ಗಂಟೆ ಹಿಡಿಯುತ್ತದೆ, 240 ಕಿ.ಮೀ.ಗೆ 5 ಗಂಟೆಯಂತೆ ಸರಾಸರಿ ವೇಗ 48. ನಿಧಾನವಾಗಿ ಹೋದಾಗ ಹೆಚ್ಚು ಹೊತ್ತು ರಸ್ತೆಯಲ್ಲಿರುವುದರಿಂದ ಆ ವೇಗಕ್ಕೆ ಹೆಚ್ಚು ತೂಕ ಬರುತ್ತದೆ. ದೂರ ಸಮನಾಗಿದ್ದು ಅದನ್ನು ಕೊಟ್ಟಿಲ್ಲದಿದ್ದರೆ, ಎರಡೂ ವೇಗಗಳ ಗುಣಲಬ್ಧದ ಎರಡರಷ್ಟನ್ನು ಅವುಗಳ ಮೊತ್ತದಿಂದ ಭಾಗಿಸಿ. ಸಮಯ ಸಮನಾಗಿದ್ದರೆ ಮಾತ್ರ 50 ಸರಿಯಾದ ಉತ್ತರ.

ಕ್ರಮಾಗತ ಸಂಖ್ಯೆಗಳ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಸಮಾನ ಅಂತರವಿರುವ ಯಾವುದೇ ಸಾಲಿನಲ್ಲಿ ಮೊದಲ ಮತ್ತು ಕೊನೆಯ ಸಂಖ್ಯೆಗಳನ್ನು ಕೂಡಿ ಎರಡರಿಂದ ಭಾಗಿಸಿದರೆ ಸಾಕು: 7ರ ಮೊದಲ 20 ಅಪವರ್ತ್ಯಗಳ ಸರಾಸರಿ 73.5, ಮೊದಲ 30 ಬೆಸ ಸಂಖ್ಯೆಗಳದು 30.

ಅಭ್ಯಾಸಕ್ಕೆ ಕೂರುವಾಗ ಮೊದಲ ವಾರ ಗಡಿಯಾರ ನೋಡದೆ, ಪ್ರತಿ ಲೆಕ್ಕವನ್ನೂ ಒಮ್ಮೆ ಮೊತ್ತದ ದಾರಿಯಲ್ಲಿ, ಒಮ್ಮೆ ವ್ಯತ್ಯಾಸದ ದಾರಿಯಲ್ಲಿ ಮಾಡಿ ತಾಳೆ ನೋಡಿ. ಎರಡನೆಯದು ಕೈಗೆ ಹತ್ತಿದ ಮೇಲೆ ಮೊದಲನೆಯದನ್ನು ಬಿಡಿ. ತಪ್ಪು ಉತ್ತರಕ್ಕೆ ಅಂಕ ಕಳೆಯುವ ಪರೀಕ್ಷೆಗಳಲ್ಲಿ ಆಯ್ಕೆಗಳನ್ನು ಜರಡಿ ಹಿಡಿಯುವುದನ್ನೂ ರೂಢಿಸಿಕೊಳ್ಳಬೇಕು. ಮೇಲಿನ ಅಂಕಗಳ ಲೆಕ್ಕದಲ್ಲಿ ಉತ್ತರ 67 ಮತ್ತು 72ರ ನಡುವೆಯೇ ಇರಬೇಕೆಂದು, ವೇಗದ ಲೆಕ್ಕದಲ್ಲಿ 40ಕ್ಕಿಂತ ಹೆಚ್ಚು, 50ಕ್ಕಿಂತ ಕಡಿಮೆ ಇರಬೇಕೆಂದು ಪೆನ್ನು ಎತ್ತುವ ಮೊದಲೇ ಹೇಳಬಹುದು. ನಾಲ್ಕು ಆಯ್ಕೆಗಳಲ್ಲಿ ಆ ಮಿತಿಯೊಳಗೆ ಒಂದೇ ಇದ್ದರೆ ಅದನ್ನು ಗುರುತಿಸಿ ಮುಂದಿನ ಪ್ರಶ್ನೆಗೆ ಹೋಗಿ.