ಎಂಟು ಮನೆ, ಒಂದು ಎಳೆ ಫೈಬರ್

ನಮ್ಮದು ಹೊಸನಗರ ತಾಲ್ಲೂಕಿನ ಒಂದು ಮೂಲೆ. ಎಂಟು ಮನೆ, ಸುತ್ತ ಅಡಿಕೆ ತೋಟ, ಮೇಲೆ ಕಾಡು. 2020ರ ಲಾಕ್‌ಡೌನ್‌ನಲ್ಲಿ ಬೆಂಗಳೂರಿನ ಅಕೌಂಟ್ಸ್ ಕೆಲಸವನ್ನು ಲ್ಯಾಪ್‌ಟಾಪ್ ಸಮೇತ ಊರಿಗೆ ತಂದೆ. ಆಗ ಸಿಗ್ನಲ್ ಬೇಕೆಂದರೆ ಗುಡ್ಡದ ನೆತ್ತಿಗೆ ಹೋಗಬೇಕಿತ್ತು. ಮೇಲಿನ ಮನೆಯ ಮಕ್ಕಳು ಅಲ್ಲೇ ಪ್ಲಾಸ್ಟಿಕ್ ಕಟ್ಟಿಕೊಂಡು, ಕಾಲಿನ ಇಂಬಳ ಕಿತ್ತು ಹಾಕುತ್ತಾ ಆನ್‌ಲೈನ್ ಕ್ಲಾಸ್ ಕೇಳುತ್ತಿದ್ದರು. ಮರುವರ್ಷ ಫೈಬರ್ ಬಂತು, ಬೆಳಕಿನ ಮೂಲಕ ನೆಟ್ ತರುವ ಗಾಜಿನ ಎಳೆ. ಇನ್ನು ತೊಂದರೆ ಇಲ್ಲ ಅಂದುಕೊಂಡೆವು. ಆರಿದ್ರಾ ಮಳೆ ಹಿಡಿದದ್ದೇ ತಡ, ರೂಟರ್‌ನಲ್ಲಿ ಕೆಂಪು ದೀಪ ಮಿನುಗತೊಡಗಿತು.

ಮೊದಲ ಮಳೆಗಾಲ ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿ "ನೆಟ್ ಇಲ್ಲ" ಅನ್ನುವುದು. ಅವರು ರೂಟರ್ ಆಫ್ ಮಾಡಿ ಆನ್ ಮಾಡಿ ಅನ್ನುವುದು. ಎರಡು ದಿನ ಬಿಟ್ಟು "ನಿಮ್ಮ ದೂರು ಪರಿಹರಿಸಲಾಗಿದೆ" ಅಂತ ಮೆಸೇಜ್ ಬರುತ್ತಿತ್ತು. ದೀಪ ಮಾತ್ರ ಕೆಂಪೇ. ಆ ಮೆಸೇಜ್ ನೋಡಿದಾಗ ಆಗುತ್ತಿದ್ದ ಸಂಕಟ ಅಷ್ಟಿಷ್ಟಲ್ಲ.

ಒಮ್ಮೆ ನಾಲ್ಕನೇ ದಿನ ಲೈನ್ ಹುಡುಗ ಬಂದ. ಮೈಯೆಲ್ಲ ಒದ್ದೆ. ಇಡೀ ಹೋಬಳಿಗೆ ಅವನೊಬ್ಬನೇ. ಕಾಫಿ ಕೊಟ್ಟು ಕೂರಿಸಿದೆ. "ಜೋಡಿಸೋದು ಒಂದು ಗಂಟೆ ಕೆಲಸ. ಎಲ್ಲಿ ಕಟ್ ಆಗಿದೆ ಅಂತ ಹುಡುಕೋದಕ್ಕೇ ಎರಡು ದಿನ ಹೋಗುತ್ತೆ" ಅಂದ. ಆ ಹುಡುಕುವ ಕೆಲಸದಲ್ಲಿ ಅರ್ಧ ನಾವೇ ಮಾಡಬಹುದಲ್ವಾ ಅನ್ನಿಸಿತು. ಅವತ್ತೇ ಸೊಸೈಟಿಯವರು ಕೊಟ್ಟ ಹಳೆಯ ಡೈರಿ ತೆಗೆದು ಬರೆಯಲು ಶುರು ಮಾಡಿದೆ.

ಹೋದ ಹೊತ್ತು, ಬಂದ ಹೊತ್ತು, ಆಗ ಕರೆಂಟ್ ಇತ್ತಾ, ಯಾವ ದೀಪ ಹೇಗಿತ್ತು, ಬೇರೆ ಯಾರ ಮನೆಯಲ್ಲಿ ಹೋಗಿದೆ. ಇಷ್ಟೇ ಬರೆದದ್ದು. ಇದರಲ್ಲಿ ಕೊನೆಯದೇ ಮುಖ್ಯ. ಪೇಟೆಯಿಂದ ನಮ್ಮೂರಿಗೆ ಬರುವುದು ಒಂದೇ ಎಳೆ. ರಸ್ತೆ ಬದಿಯ ಡಬ್ಬಿಯಲ್ಲಿ ಸ್ಪ್ಲಿಟರ್ ಇದೆ. ಅಲ್ಲಿ ಬೆಳಕು ಎಂಟು ಪಾಲಾಗಿ ಎಂಟು ಮನೆಗೆ ಹೋಗುತ್ತದೆ. ಹಾಗಾಗಿ ನನ್ನ ಮನೆಯಲ್ಲಿ ಮಾತ್ರ ಕೆಂಪಿದ್ದರೆ ತೊಂದರೆ ಡಬ್ಬಿಯಿಂದ ಈಚೆಗೆ. ಎಂಟೂ ಮನೆಯಲ್ಲಿ ಕೆಂಪಿದ್ದರೆ ಡಬ್ಬಿ ಅಥವಾ ಅದರಿಂದ ಆಚೆಗೆ. ಪಕ್ಕದ ಊರಲ್ಲೂ ಇಲ್ಲ ಅಂದರೆ ದೊಡ್ಡ ಕೇಬಲ್ಲೇ ಕಟ್ಟಾಗಿರಬೇಕು, ಇಲ್ಲವೇ ಅವರ ಕೇಂದ್ರದಲ್ಲೇ ಬ್ಯಾಟರಿ ಮುಗಿದಿರಬೇಕು. ಇದಕ್ಕಾಗಿಯೇ ಎಂಟು ಮನೆಯವರ ವಾಟ್ಸಾಪ್ ಗುಂಪು ಮಾಡಿದೆವು. ಫೈಬರ್ ಹೋದರೂ ಗುಡ್ಡಕ್ಕೆ ಹತ್ತಿದವರು ಉಳಿದವರ ಸುದ್ದಿಯನ್ನೂ ಹಾಕುತ್ತಾರೆ.

ದೀಪದ ಲೆಕ್ಕ ಹುಡುಗನೇ ಕಲಿಸಿದ. ಲಾಸ್ (LOS) ಅಂತ ಬರೆದ ಕಡೆ ಕೆಂಪು ಮಿನುಗಿದರೆ ಬೆಳಕು ಬರುತ್ತಿಲ್ಲ. ರೂಟರ್ ಎಷ್ಟು ಸಲ ಆಫ್ ಆನ್ ಮಾಡಿದರೂ ಪ್ರಯೋಜನ ಇಲ್ಲ. ಪಾನ್ (PON) ಅಂತ ಬರೆದ ದೀಪ ಹಸಿರಾಗಿ ನಿಂತಿದ್ದೂ ನೆಟ್ ಇಲ್ಲ ಅಂದರೆ ದಾರಿಯಲ್ಲಿ ಕೇಬಲ್ ಸರಿ ಇದೆ, ಫೋನ್ ಮಾಡಿ ಅದನ್ನೇ ಹೇಳಬೇಕು. ಇನ್ನೊಂದು ಸಂಖ್ಯೆ ಇದೆ. ಬ್ರೌಸರ್‌ನಲ್ಲಿ 192.168.1.1 ಹಾಕಿದರೆ ನಮ್ಮ ರೂಟರ್‌ನ ಪುಟ ತೆರೆಯುತ್ತದೆ. ಅದರಲ್ಲಿ ಆರ್‌ಎಕ್ಸ್ ಪವರ್ ಅಂತ ಇರುತ್ತದೆ, ಬರುತ್ತಿರುವ ಬೆಳಕು ಎಷ್ಟು ಅನ್ನುವುದು. ನಮ್ಮಲ್ಲಿ ಚೆನ್ನಾಗಿದ್ದಾಗ ಮೈನಸ್ 21 ಡಿಬಿಎಂ. ಮೈನಸ್ ಮುಂದಿನ ಸಂಖ್ಯೆ ದೊಡ್ಡದಾದಷ್ಟೂ ಬೆಳಕು ಕಡಿಮೆ. ಮೈನಸ್ 27 ದಾಟಿದರೆ ನೆಟ್ ಹೋಗುವುದು ಬರುವುದು ಶುರು. ಒಮ್ಮೆ ಒಂದು ವಾರದಲ್ಲಿ ದಿನಾ ಸ್ವಲ್ಪ ಸ್ವಲ್ಪ ಇಳಿಯುತ್ತಾ ಮೈನಸ್ 26ಕ್ಕೆ ಬಂತು. ಹುಡುಗನಿಗೆ ಆ ಸಂಖ್ಯೆಗಳ ಫೋಟೋ ಕಳಿಸಿದೆ. ಡಬ್ಬಿ ತೆಗೆದು ನೋಡಿದರೆ ಒಳಗೆ ನೀರು, ಇರುವೆ ಗೂಡು. ಅವತ್ತು ನೆಟ್ ಪೂರ್ತಿ ಹೋಗುವ ಮೊದಲೇ ಸರಿಯಾಯಿತು. ಡೈರಿ ಬರೆದದ್ದು ಸಾರ್ಥಕ ಅನ್ನಿಸಿದ್ದು ಆಗಲೇ. ನೀರು ಒಳಗೆ ಹೋಗದ ಹಾಗೆ ಈಗ ಆ ಡಬ್ಬಿಯ ಕೇಬಲ್ ಬಾಯಿ ಕೆಳಮುಖವಾಗಿದೆ.

ಮಳೆಗಾಲ ಮುಗಿದ ಮೇಲೆ ಡೈರಿ ಹಿಡಿದು ಎಲ್ಲರೂ ಕೂತೆವು. ಆಗ ಗೊತ್ತಾದದ್ದು ನಮಗೆ ಇಷ್ಟವಿಲ್ಲದ ಸತ್ಯ. ಅತಿ ಜಾಸ್ತಿ ಕಟ್ ಆದದ್ದು ಕಾಡಿನಲ್ಲಲ್ಲ, ನಮ್ಮದೇ ತೋಟದಲ್ಲಿ. ಹತ್ತಿರದ ದಾರಿ ಅಂತ ಅಡಿಕೆ ಮರದಿಂದ ಮರಕ್ಕೆ ಕೇಬಲ್ ಕಟ್ಟಿದ್ದರು, ನಾವೂ ಹೂಂ ಅಂದಿದ್ದೆವು. ಗಾಳಿಗೆ ಅಡಿಕೆ ಮರ ಎಷ್ಟು ಓಲಾಡುತ್ತದೆ! ಕೇಬಲ್ ಎಳೆದೂ ಎಳೆದೂ ಸೋಲುತ್ತದೆ. ಸೋಗೆ ಬೀಳುತ್ತದೆ. ಅಡಿಕೆ ಕೊನೆ ತೆಗೆಯುವಾಗ ದೋಟಿ ಸಿಕ್ಕುತ್ತದೆ. ಮಂಗಗಳಿಗೆ ಅದು ಜೋಕಾಲಿ.

ಬೇಸಿಗೆಯಲ್ಲಿ ತೋಟದೊಳಗಿನ ಸುಮಾರು 300 ಮೀಟರ್ ಲೈನ್ ಹೊರಗೆ ತಂದೆವು. ಪಂಚಾಯ್ತಿಗೆ ಅರ್ಜಿ ಕೊಟ್ಟು ರಸ್ತೆ ಬದಿಗೆ ಜಿಐ ಪೈಪಿನ ಕಂಬ ನೆಟ್ಟೆವು, ಕರೆಂಟ್ ಲೈನಿನಿಂದ ದೂರ ಬಿಟ್ಟು. ಹಳ್ಳದ ಸಂಕದ (ಕಾಲುಸೇತುವೆ) ಹತ್ತಿರ ತೋಟಕ್ಕೆ ನೀರು ಬಿಡುವ ಕರಿ ಪೈಪಿನೊಳಗೆ ತೂರಿಸಿದೆವು. ಗುಂಡಿ ತೋಡಿದ್ದು, ಕೇಬಲ್ ಎಳೆದದ್ದು ನಾವು. ಎಳೆ ಬೆಸೆದದ್ದು ಮಾತ್ರ ಹುಡುಗ, ಅವನ ಮಷೀನಿನಲ್ಲಿ. ಅದು ಬರಿಗೈಯಲ್ಲಿ ಆಗುವ ಕೆಲಸ ಅಲ್ಲ. ಹಿಂದೆ ಯಾರೋ ಸುಮ್ನೆ ಟೇಪ್ ಸುತ್ತಿದ್ದ ಒಂದು ಜಾಯಿಂಟಿನಲ್ಲೇ ನಮ್ಮ ಬೆಳಕು ಅರ್ಧಕ್ಕರ್ಧ ಸೋರಿ ಹೋಗುತ್ತಿತ್ತು. ಹುಡುಗ ಹೇಳಿದ ಇನ್ನೊಂದು ಮಾತನ್ನು ತಪ್ಪದೆ ಮಾಡಿದೆವು. ಅಲ್ಲಲ್ಲಿ ಕಂಬದ ಬುಡದಲ್ಲಿ ಹತ್ತು ಹದಿನೈದು ಮೀಟರ್ ಹೆಚ್ಚುವರಿ ಕೇಬಲ್ ಅಗಲವಾಗಿ ಸುತ್ತಿ ಇಟ್ಟೆವು. ಕಟ್ ಆದರೆ ಎಳೆದು ಜೋಡಿಸಲು ಅದೇ ಬೇಕು. ಇಲ್ಲದಿದ್ದರೆ ಒಂದು ಕಡೆ ಕಟ್ಟಾದದ್ದಕ್ಕೆ ಎರಡು ಕಡೆ ಬೆಸೆಯಬೇಕಾಗುತ್ತದೆ. ಖರ್ಚು ಎಂಟು ಪಾಲು. ಹೊಳೆಮನೆಯ ಅಜ್ಜನ ಹತ್ತಿರ ಮೊಬೈಲ್ ಕೂಡ ಇಲ್ಲ, ಆದರೂ ಮೊಮ್ಮಗಳು ಓದುತ್ತಾಳೆ ಅಂತ ಮೊದಲು ದುಡ್ಡು ಕೊಟ್ಟವರು ಅವರೇ.

ಕರೆಂಟಿನದು ಬೇರೆ ಕಥೆ. ಮಳೆಗಾಲದಲ್ಲಿ ಮೂರು ದಿನ ಕರೆಂಟ್ ಇಲ್ಲದಿರುವುದು ನಮಗೆ ಹೊಸದಲ್ಲ. ಆದರೆ ಸ್ಪ್ಲಿಟರ್‌ಗೆ ಕರೆಂಟೇ ಬೇಡ ಅನ್ನುವುದು ನನಗೆ ಗೊತ್ತಿರಲಿಲ್ಲ. ಊರು ಕತ್ತಲಾದರೂ ಅವರ ಕೇಂದ್ರ ನಡೆಯುತ್ತಿದ್ದರೆ ಬೆಳಕು ಮನೆತನಕ ಬರುತ್ತಲೇ ಇರುತ್ತದೆ. ರೂಟರ್ ಉರಿಯಬೇಕು ಅಷ್ಟೇ. ನಮ್ಮದು 12 ವೋಲ್ಟಿನದು. ಒಂದು ಮಿನಿ ಯುಪಿಎಸ್ ಹಾಕಿದೆ, ಮೂರು ನಾಲ್ಕು ಗಂಟೆ ಬರುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗಿಗೆ ಮಾತ್ರ ಅಡಾಪ್ಟರ್ ಕಿತ್ತಿಡುತ್ತೇವೆ. ಫೈಬರ್ ಗಾಜು, ಅದರಲ್ಲಿ ಸಿಡಿಲು ಹರಿಯದು. ಆದರೆ ಕೇಬಲ್ಲಿನೊಳಗಿನ ಸ್ಟೀಲ್ ತಂತಿಯಲ್ಲೂ ಕರೆಂಟ್ ಲೈನಿನಲ್ಲೂ ಹರಿಯುತ್ತದೆ.

ಮಕ್ಕಳಿಗೆ ಎರಡು ಮಾತು ಹೇಳಿಟ್ಟಿದ್ದೇವೆ. ಕಟ್ ಆದ ಎಳೆಯ ತುದಿಯನ್ನು ಕಣ್ಣ ಹತ್ತಿರ ಹಿಡಿದು ನೋಡಬಾರದು. ಅದರಲ್ಲಿ ಬರುವ ಬೆಳಕು ಕಾಣುವುದಿಲ್ಲ, ಆದರೂ ಕಣ್ಣಿಗೆ ಕೆಟ್ಟದ್ದು. ಕರೆಂಟ್ ತಂತಿಯ ಜೊತೆ ಬಿದ್ದ ಕೇಬಲ್ ಮುಟ್ಟಲೇಬಾರದು, ಲೈನ್‌ಮ್ಯಾನ್‌ಗೆ ಹೇಳಬೇಕು.

ದೂರಿನ ವಿಷಯಕ್ಕೆ ಬಂದರೆ, ಡಾಕೆಟ್ ನಂಬರ್, ಅಂದರೆ ದೂರಿನ ನಂಬರ್, ಬರೆದುಕೊಳ್ಳದೆ ನಾನೀಗ ಫೋನ್ ಇಡುವುದಿಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2012ರ ನಿಯಮದ ಪ್ರಕಾರ ಪ್ರತಿ ದೂರಿಗೂ ಆ ನಂಬರ್ ಕೊಡಬೇಕು. ಪರಿಹಾರ ಸಮಾಧಾನ ತರದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಅವರು 39 ದಿನದೊಳಗೆ ತೀರ್ಮಾನಿಸಬೇಕು. ಇದಕ್ಕೆ ಫೀಸಿಲ್ಲ. ಟ್ರಾಯ್‌ಗೇ ನೇರವಾಗಿ ಬರೆದರೆ ಅವರು ಒಬ್ಬೊಬ್ಬರ ದೂರು ವಿಚಾರಿಸುವುದಿಲ್ಲ. ನಾವು ಡೈರಿಯ ಪುಟಗಳ ಫೋಟೋ ಸೇರಿಸಿ ಒಮ್ಮೆ ಮೇಲ್ಮನವಿ ಹಾಕಿದೆವು. ಸರಿಯಾಗದೆಯೇ ಮುಚ್ಚಿದ್ದ ದೂರುಗಳ ನಂಬರನ್ನೂ ಬರೆದೆವು. ಎಂಜಿನಿಯರ್ ಒಬ್ಬರು ಬಂದು ಲೈನ್ ಉದ್ದಕ್ಕೂ ನಡೆದು ನೋಡಿದರು. ಆಮೇಲೆ ಹಳೆಯ ಡಬ್ಬಿ ಬದಲಾಯಿತು. ಬೈದು ಬರೆದಿದ್ದರೆ ಅವರು ಬರುತ್ತಿರಲಿಲ್ಲ ಅಂತ ನನ್ನ ನಂಬಿಕೆ. ತಾರೀಖು, ಹೊತ್ತು, ಸಂಖ್ಯೆ ಎದುರಿಗಿದ್ದದ್ದಕ್ಕೇ ಬಂದರು.

ಇಷ್ಟೆಲ್ಲ ಯಾಕೆ ಅಂದರೆ, ನೆಟ್ ಹೋದರೆ ನಿಲ್ಲುವುದು ನನ್ನ ಕೆಲಸ ಮಾತ್ರ ಅಲ್ಲ. ರೇಷನ್ ಅಂಗಡಿಯಲ್ಲಿ ತಂಬ್ ಕೊಡಲು ಆಗದೆ ಅಜ್ಜಿಯರು ಖಾಲಿ ಚೀಲ ಹಿಡಿದು ಮೂರು ಮೈಲಿ ವಾಪಸ್ ನಡೆಯುವುದನ್ನು ನೋಡಿದ್ದೇನೆ. ಮರುದಿನ ಮತ್ತೆ ಅದೇ ದಾರಿ.

ಹೋದ ಜುಲೈನಲ್ಲಿ ಸಂಕದ ಪಕ್ಕದ ಧರೆ ಕುಸಿಯಿತು. ಬೆಳಿಗ್ಗೆ ಏಳಕ್ಕೆ ಅತ್ತಿಗೆಯ ಮೆಸೇಜ್: "ಕೆಳಗಿನ ಮೂರು ಮನೆ ಕೆಂಪು, ಮೇಲಿನ ಐದು ಹಸಿರು." ಅಂದರೆ ಡಬ್ಬಿಯಿಂದ ಸಂಕದ ಕಡೆಗೆ, ಆ ಮೂರು ಮನೆಗೆ ಹೋಗುವ ಲೈನಿನಲ್ಲಿ ಎಲ್ಲೋ. ಹೋಗಿ ಜಾಗದ ಫೋಟೋ ತೆಗೆದು ಹುಡುಗನಿಗೆ ಕಳಿಸಿದೆವು. ಮಧ್ಯಾಹ್ನ ಬಂದ, ಸುತ್ತಿಟ್ಟ ಕೇಬಲ್ ಬಿಚ್ಚಿ ಮೂರು ಎಳೆ ಬೆಸೆದ. ಸಂಜೆ ನಾಲ್ಕಕ್ಕೆ ಮೈನಸ್ 22. ಕಾಡಿನ ಎರಡು ಕಿಲೋಮೀಟರ್ ಮಾತ್ರ ಇನ್ನೂ ಮರದ ಮೇಲೇ ಇದೆ. ಅದಕ್ಕೆ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ಅರ್ಜಿಗೆ ಎಂಟೂ ಮನೆಯವರ ಸಹಿ ಆಗಿದೆ.