ಒಂದು ರಾತ್ರಿಯ ಬೈಕ್ ಪ್ರಯಾಣಕ್ಕೆ ಒದಗಿದ ಚೀಲ

ಬೆಂಗಳೂರಿನಿಂದ ಶನಿವಾರ ಹೊರಟು, ಸುಮಾರು 220 ಕಿಲೋಮೀಟರ್ ದೂರದ ಸಕಲೇಶಪುರದಲ್ಲಿ ಒಂದು ರಾತ್ರಿ ತಂಗಿ ಮರಳುವ ಪ್ರಯಾಣಗಳಿಗೆ ನಾನು ಮೊದಲು ಬಳಸುತ್ತಿದ್ದುದು ಕಚೇರಿಗೆ ಒಯ್ಯುವ ಬೆನ್ನುಚೀಲವನ್ನೇ. ಹಾಸನ ತಲುಪುವಷ್ಟರಲ್ಲಿ ಭುಜಗಳು ಹಿಡಿದುಕೊಂಡು, ಬೆನ್ನು ಬೆವರಿನಿಂದ ತೊಯ್ದುಹೋಗುತ್ತಿತ್ತು.

ಪರಿಹಾರವೆಂದು ಎರಡೂ ಬದಿಗೆ ಇಳಿಬೀಳುವ ಸ್ಯಾಡಲ್ ಬ್ಯಾಗ್ ಕೊಂಡೆ. ಜಾಗವಿದೆಯೆಂದು ಬೇಡದ್ದನ್ನೆಲ್ಲ ತುಂಬಿದ್ದು ನನ್ನದೇ ತಪ್ಪು. ಆದರೆ ಸೈಲೆನ್ಸರ್ ಬದಿಯ ಚೀಲವು ರಸ್ತೆಯ ಗುಂಡಿಗಳಲ್ಲಿ ಕುಲುಕಿ, ಬಿಸಿ ಕೊಳವೆಗೆ ತಾಗಿ, ತಳದಲ್ಲಿ ಕರಗಿತು.

ಕೊನೆಗೆ ಸಾಮಾನುಗಳನ್ನೆಲ್ಲ ಮಂಚದ ಮೇಲೆ ಹರಡಿ, ನಿಜವಾಗಿ ಬೇಕಾದುದನ್ನು ಮಾತ್ರ ಆರಿಸಿದಾಗ, ಒಂದು ಜೊತೆ ಬಟ್ಟೆ, ಟವೆಲ್, ಚಪ್ಪಲಿ, ಚಾರ್ಜರ್ ಮತ್ತು ಪಂಕ್ಚರ್ ಕಿಟ್ ಎಲ್ಲವೂ ಬಾಯಿಯನ್ನು ಸುರುಳಿ ಸುತ್ತಿ ಮುಚ್ಚುವ 25 ಲೀಟರಿನ ಡ್ರೈ ಬ್ಯಾಗಿನಲ್ಲಿ ಹಿಡಿದವು. ಅದನ್ನು ಹಿಂಬದಿ ಸೀಟಿನ ಮೇಲೆ ಅಡ್ಡಲಾಗಿ, ನನ್ನ ಬೆನ್ನಿಗೆ ತಾಗುವಂತೆ ಕಟ್ಟುತ್ತೇನೆ. ಭಾರವು ಹಿಂದಿನ ಚಕ್ರದ ಅಚ್ಚಿಗಿಂತ ಹಿಂದೆ ಸರಿದಷ್ಟೂ ಮುಂದಿನ ಚಕ್ರದ ಮೇಲಿನ ಒತ್ತಡ ತಗ್ಗಿ, ತಿರುವುಗಳಲ್ಲಿ ಹ್ಯಾಂಡಲ್ ಹಗುರವಾಗುತ್ತದೆ. ಕೊಕ್ಕೆಯಿರುವ ಎಲಾಸ್ಟಿಕ್ ಹಗ್ಗಗಳು ಹಿಗ್ಗಿ ಚೀಲ ಜಾರುತ್ತಿದ್ದುದರಿಂದ, ಬಕಲ್ ಇರುವ ಎರಡು ಪಟ್ಟಿಗಳನ್ನು ಸೀಟಿನ ಕೆಳಗಿನ ಫ್ರೇಮಿಗೆ ಬಿಗಿದು, ಉಳಿದ ತುದಿಗಳು ಚೈನಿಗೆ ಸಿಲುಕದಂತೆ ಮಡಚಿ ಸಿಕ್ಕಿಸುತ್ತೇನೆ. ಹತ್ತು ಕಿಲೋಮೀಟರ್ ಸಾಗಿದ ಮೇಲೆ ಒಮ್ಮೆ ನಿಲ್ಲಿಸಿ ಮತ್ತೆ ಬಿಗಿಯುವುದು ಅಗತ್ಯ. ರೇನ್‌ಕೋಟ್ ಮಾತ್ರ ಹೊರಗೆ, ಪಟ್ಟಿಯ ಅಡಿಯಲ್ಲಿರುತ್ತದೆ. ಮಳೆಯಲ್ಲಿ ಚೀಲ ಬಿಚ್ಚಿ ಅದನ್ನು ಹುಡುಕಿದರೆ ಬಟ್ಟೆಯೂ ಒದ್ದೆ, ನಾವೂ ಒದ್ದೆ.

ಕಳೆದ ಜುಲೈನಲ್ಲಿ ದಾರಿಯುದ್ದಕ್ಕೂ ಸುರಿದ ಮಳೆಯಲ್ಲಿಯೂ ಚೀಲದೊಳಗಿನ ಬಟ್ಟೆ ಒಣಗಿಯೇ ಇತ್ತು. ನೆನೆದದ್ದು ಜೇಬಿನಲ್ಲಿ ಮರೆತಿದ್ದ ನೋಟುಗಳು ಮಾತ್ರ.